ಸದ್ದು ಮರಳಿದಾಗ ಮಿದುಳು ಏನು ಮಾಡುತ್ತದೆ

ಕಿವಿ ಮಂದವಾದ ಹಿರಿಯರಿರುವ ಮನೆಗಳಲ್ಲಿ ಒಂದು ದೂರು ಸಾಮಾನ್ಯ. "ಇವರಿಗೆ ಬೇಕಾದ್ದೆಲ್ಲ ಕೇಳಿಸುತ್ತೆ, ನಾವು ಕರೆದರೆ ಮಾತ್ರ ಕೇಳ್ಸಲ್ಲ. ಜಾಣ ಕಿವುಡು!" ದಾವಣಗೆರೆಯಲ್ಲಿರುವ ನನ್ನ ಸೋದರಮಾವನ ಮೇಲೂ ಬಹಳ ವರ್ಷ ಈ ಆರೋಪವಿತ್ತು. ಬೀದಿಯಲ್ಲಿ ಲಾರಿ ಬಂದು ನಿಂತರೆ ಅವರಿಗೆ ತಿಳಿಯುತ್ತಿತ್ತು. ಅಡುಗೆಮನೆಯಿಂದ ಸೊಸೆ "ಮಾವಾರೆ, ಚಾ ಮಾಡ್ಲಾ?" ಎಂದು ಕೇಳಿದರೆ ತಿಳಿಯುತ್ತಿರಲಿಲ್ಲ. ಅವರು ಹತ್ತಿ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ದುಡಿದು ನಿವೃತ್ತರಾದವರು. ಆ ಆರೋಪ ಎಷ್ಟು ಅನ್ಯಾಯದ್ದು ಎಂಬುದು ಒಳಗಿವಿಯ ಕೆಲಸವನ್ನು ತಿಳಿದರೆ ಅರ್ಥವಾಗುತ್ತದೆ.

ಒಳಗಿವಿಯಲ್ಲಿ ಕಾಕ್ಲಿಯಾ ಎಂಬ, ದ್ರವ ತುಂಬಿದ ಪುಟ್ಟ ನಾಳವಿದೆ. ಸುಮಾರು ಎರಡೂವರೆ ಸುತ್ತು ಸುರುಳಿಯಾಗಿರುವ ಈ ನಾಳದ ಉದ್ದಕ್ಕೂ ರೋಮಕೋಶಗಳು ಸಾಲುಗಟ್ಟಿವೆ. ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಸದ್ದು ಈ ನಾಳದಲ್ಲಿ ಅಲೆಯಾಗಿ ಸಾಗುತ್ತದೆ. ತಾರಸ್ವರಗಳು ಬಾಗಿಲ ಬಳಿಯ ಕೋಶಗಳನ್ನು, ಮಂದ್ರಸ್ವರಗಳು ಸುರುಳಿಯ ತುದಿಯ ಕೋಶಗಳನ್ನು ಅಲುಗಿಸುತ್ತವೆ. ಇದನ್ನು ತೋರಿಸಿಕೊಟ್ಟ ಹಂಗೇರಿ ಮೂಲದ ವಿಜ್ಞಾನಿ ಗಿಯಾರ್ಗ್ ಫಾನ್ ಬೆಕೆಶಿ ಅವರಿಗೆ 1961ರಲ್ಲಿ ನೊಬೆಲ್ ಸಿಕ್ಕಿತು. ವಯಸ್ಸಿನಿಂದಾಗಲಿ ಗದ್ದಲದಿಂದಾಗಲಿ ಸಾಮಾನ್ಯವಾಗಿ ಮೊದಲು ಸಾಯುವುದು ತಾರಸ್ವರದ ಕೋಶಗಳು. ಕೋಳಿಯ ಕಿವಿಯಲ್ಲಿ ಅವು ಮತ್ತೆ ಹುಟ್ಟುತ್ತವೆ. ಮನುಷ್ಯರಲ್ಲಿ ಹೋದದ್ದು ಹೋಯಿತು.

ಗದ್ದಲದ ಲೆಕ್ಕ ಕಠಿಣವಾದದ್ದು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎಂಬುದು ಪ್ರಚಲಿತ ಸುರಕ್ಷತಾ ಮಿತಿ. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ. 94 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಉಳಿಯುವುದು ಒಂದೇ ಗಂಟೆ. ಮಗ್ಗದ ಶೆಡ್ಡುಗಳಲ್ಲಿ ಸದ್ದು ಇದನ್ನೂ ಮೀರುವುದು ಮಾಮೂಲಿ, ಅಲ್ಲಿನ ಪಾಳಿ 8 ಗಂಟೆಯದು. ಮಾವನಿಗಾಗಲಿ ಜೊತೆಯವರಿಗಾಗಲಿ ಕಿವಿಗೆ ಇಟ್ಟುಕೊಳ್ಳಲು ಯಾರೂ ಏನೂ ಕೊಟ್ಟಿರಲಿಲ್ಲ. ಶೆಡ್ಡಿನಲ್ಲಿ ಅವರೆಲ್ಲ ಮಾತಾಡುತ್ತಿದ್ದುದು ಕೈಸನ್ನೆ, ಬಾಯಿಸನ್ನೆಗಳಲ್ಲಿ. ಆ ಕಾರ್ಮಿಕರ ಕಿವಿಗಳನ್ನು ಕಾಪಾಡಬಹುದಿತ್ತು ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಈಗ ಲಾರಿಯ ವಿಷಯ. ಎಂಜಿನ್ನಿನ ಗುಡುಗು ಮಂದ್ರದ್ದು, ಆ ಕೋಶಗಳು ಇನ್ನೂ ಗಟ್ಟಿಯಾಗಿವೆ. ಮಾತಿನಲ್ಲಿ ಅ, ಆ, ಉ, ಊಗಳಂಥ ಸ್ವರಗಳಿಗೆ ಬಲ ಜಾಸ್ತಿ, ಅವೂ ಹೆಚ್ಚಾಗಿ ಕೆಳಸ್ಥಾಯಿಯವು. ಸ, ಶ, ತ, ಕ, ಪಗಳಂಥ ವ್ಯಂಜನಗಳು ಕ್ಷೀಣ, ಮೇಲುಸ್ಥಾಯಿಯವು. ಹಾಗಾಗಿ ಹಾಲು, ಸಾಲು, ಪಾಲು, ಕಾಲು ಎಲ್ಲವೂ ಒಂದೇ 'ಆಲು' ಆಗಿಬಿಡುತ್ತವೆ. ಯಾರೋ ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಮಿಕ್ಸಿ ತಿರುಗುತ್ತಿದ್ದರಂತೂ ಮುಗಿಯಿತು.

ಸರಿ, ಜೋರಾಗಿ ಹೇಳೋಣ ಎಂದು ದನಿ ಏರಿಸಿದರೆ "ಯಾಕ್ ಹಂಗೆ ಕಿರುಚ್ತೀ?" ಎಂದು ಅವರೇ ರೇಗುತ್ತಾರೆ. ಇದಕ್ಕೂ ಕಾರಣವಿದೆ. ಹೊರಸಾಲಿನ ರೋಮಕೋಶಗಳ ಕೆಲಸವೇ ಮೆಲುದನಿಯನ್ನು ಹಿಗ್ಗಿಸಿ ಒಳಸಾಲಿಗೆ ಒಪ್ಪಿಸುವುದು. ಅವು ಹೋದರೆ ಸಣ್ಣ ಸದ್ದು ಕಾಣೆಯಾಗುತ್ತದೆ, ದೊಡ್ಡ ಸದ್ದು ಮಾತ್ರ ಮೊದಲಿನಷ್ಟೇ ದೊಡ್ಡದಾಗಿ ಬಡಿಯುತ್ತದೆ. ಕೇಳಿಸದ್ದಕ್ಕೂ ಸಹಿಸಲಾಗದ್ದಕ್ಕೂ ನಡುವಿನ ಜಾಗ ಕಿರಿದಾಗುತ್ತದೆ. ಒಳ್ಳೆಯ ಶ್ರವಣ ಸಾಧನ, ಅಂದರೆ ಜನ ಹೇಳುವ 'ಕಿವಿ ಮಷೀನು', ಮಾತನ್ನು ಈ ಕಿರಿದಾದ ಜಾಗದೊಳಗೆ ಹೊಂದಿಸಬೇಕು. ಮೆಲ್ಲನೆಯದನ್ನು ಹೆಚ್ಚು ಏರಿಸಬೇಕು, ಜೋರಿನದನ್ನು ಅಷ್ಟಾಗಿ ಏರಿಸಬಾರದು. ಅದೂ ಪ್ರತಿ ಸ್ಥಾಯಿಗೆ ಬೇರೆ ಬೇರೆ ಅಳತೆಯಲ್ಲಿ. ಎಲ್ಲ ಸದ್ದನ್ನೂ ಒಂದೇ ಸಮ ಏರಿಸುವ ಅಗ್ಗದ ಆಂಪ್ಲಿಫೈಯರುಗಳನ್ನು ಕಿವಿ ಮಷೀನೆಂದು ಮಾರುವುದನ್ನು ಕಂಡಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ಮಾವನಿಗೆ ಇನ್ನೊಂದು ಬಾಧೆಯಿತ್ತು. ರಾತ್ರಿ ಮನೆ ನಿಶ್ಶಬ್ದವಾದ ಮೇಲೆ ಎರಡೂ ಕಿವಿಯಲ್ಲಿ ಸಣ್ಣಗೆ, ಬಿಡದೆ, 'ಗುಂಯ್' ಎನ್ನುವ ಸದ್ದು. ಇದು ಕಿವಿಮೊರೆತ. ಬಹುಪಾಲು ಕಿವಿಮೊರೆತಕ್ಕೆ ಹೊರಗೆ ಯಾವ ಸದ್ದಿನ ಮೂಲವೂ ಇರುವುದಿಲ್ಲ. 1953ರಲ್ಲಿ ಅಮೆರಿಕದ ಹೆಲರ್ ಮತ್ತು ಬರ್ಗ್‌ಮನ್, ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ ಏನು ಕೇಳಿಸುತ್ತದೆಂದು ಕೇಳಿದರು. ಸುಮಾರು ಐದು ನಿಮಿಷದೊಳಗೆ 94% ಮಂದಿ ಗುಂಯ್, ಸುಯ್ ಎಂದೇನೋ ಕೇಳಿಸುತ್ತಿದೆ ಎಂದರು. ನರಮಂಡಲ ಎಂದೂ ಪೂರ್ತಿ ಸುಮ್ಮನಿರುವುದಿಲ್ಲ. ಹೊರಗಿನ ಸದ್ದು ಅದನ್ನು ಮುಚ್ಚಿಟ್ಟಿರುತ್ತದೆ, ಅಷ್ಟೆ.

ರೋಮಕೋಶಗಳು ಸತ್ತು ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ಸೂಕ್ಷ್ಮತೆಯನ್ನು ತಾನೇ ಏರಿಸಿಕೊಳ್ಳುತ್ತದೆ ಎಂಬುದು ಇಂದಿನ ಮುಖ್ಯ ವಿವರಣೆ. ದೂರದ ಸ್ಟೇಷನ್ ಸಿಗದಿದ್ದಾಗ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಬರೀ ಗೊರಗೊರ ಹೆಚ್ಚುತ್ತದಲ್ಲ, ಹಾಗೆ. ಕಳೆದುಹೋದ ಸ್ಥಾಯಿಯ ಆಸುಪಾಸಿನಲ್ಲೇ ಮೊರೆತವೂ ಕೇಳಿಸುವುದು ಈ ವಿವರಣೆಗೆ ಹೊಂದುತ್ತದೆ. ಶ್ರವಣ ನರವನ್ನೇ ಕತ್ತರಿಸಿದ ಮೇಲೂ ಅನೇಕರಲ್ಲಿ ಮೊರೆತ ನಿಂತಿಲ್ಲ. ಇದರ ಮೇಲೆ ಮನಸ್ಸಿನ ಪಾಲೂ ಇದೆ. ಏನೋ ಅಪಾಯ ಎಂದು ಆತಂಕಪಟ್ಟಷ್ಟೂ ಗಮನ ಅಲ್ಲೇ ನೆಡುತ್ತದೆ, ಸದ್ದು ಇನ್ನಷ್ಟು ಕಾಡುತ್ತದೆ. ಇದನ್ನು ಗುಣಪಡಿಸುತ್ತದೆಂದು ಸಾಬೀತಾದ ಮಾತ್ರೆ ಇಂದಿಗೂ ಇಲ್ಲ. ಕಾಟವನ್ನು ತಗ್ಗಿಸುವಲ್ಲಿ ಅರಿವು-ವರ್ತನಾ ಚಿಕಿತ್ಸೆಗೆ ಗಟ್ಟಿ ಆಧಾರವಿದೆ. ಕಿವಿ ಮಂದವಾಗಿದ್ದವರಿಗೆ ಶ್ರವಣ ಸಾಧನವೂ ಹಲವು ಸಲ ನೆರವಾಗುತ್ತದೆ. ಕಾಣೆಯಾಗಿದ್ದ ಸದ್ದುಗಳು ಮಿದುಳಿಗೆ ಮತ್ತೆ ಸಿಕ್ಕಾಗ ಮೊರೆತ ಹಿಂದೆ ಸರಿಯುತ್ತದೆ. ಎಲ್ಲರಿಗೂ ಹಾಗಾಗುತ್ತದೆಂದು ಭರವಸೆ ಕೊಡುವವರನ್ನು ನಂಬಬೇಡಿ.

ಮಾವ ಕಿವಿ ಪರೀಕ್ಷೆಗೆ ಒಪ್ಪಿದ್ದು ಮೊರೆತದ ಕಾಟಕ್ಕೆ, ಕಿವುಡಿಗಲ್ಲ. ಆಡಿಯಾಲಜಿಸ್ಟ್ ಹುಡುಗಿ ಗಾಜಿನ ಕಿಟಕಿಯ ಕೋಣೆಯಲ್ಲಿ ಅವರನ್ನು ಕೂರಿಸಿ, 250ರಿಂದ 8,000 ಹರ್ಟ್ಸ್‌ವರೆಗಿನ ಸ್ವರಗಳನ್ನು ಕೇಳಿಸಿ ಆಡಿಯೋಗ್ರಾಂ ತೆಗೆದಳು. ಎಡಗಡೆ ಹೆಚ್ಚುಕಡಿಮೆ ಸರಿಯಾಗಿದ್ದ ಗೆರೆ ಬಲಕ್ಕೆ ಹೋದಂತೆ ಇಳಿದು, 4,000 ಹರ್ಟ್ಸ್ ಬಳಿ ಗುಂಡಿಗೆ ಬಿದ್ದಿತ್ತು. ಗದ್ದಲದಲ್ಲಿ ದುಡಿದವರ ಕಿವಿ ಬರೆಯುವ ಗೆರೆ ಅದು. ಆಮೇಲೆ ಕೂದಲೆಳೆಯಂಥ ಮೆತ್ತನೆಯ ಕೊಳವೆಯೊಂದನ್ನು ಕಿವಿಯೊಳಗೆ ಇಳಿಸಿ, ಅದರ ಮೇಲೆ ಸಾಧನ ತೊಡಿಸಿ, ಕಿವಿತಮಟೆಯ ಹತ್ತಿರ ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆದಳು. ಪ್ರತಿ ಕಿವಿನಾಳದ ಆಕಾರ ಬೇರೆ, ಆದ್ದರಿಂದ ಕಂಪನಿಯ ಸಾಫ್ಟ್‌ವೇರ್ ಊಹಿಸಿದ್ದಕ್ಕೂ ಕಿವಿಯೊಳಗಿನ ಅಳತೆಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಬಹಳ ಕಡೆ ಈ ಅಳತೆಯನ್ನೇ ಮಾಡುವುದಿಲ್ಲ. ಮಷೀನಿನ ಬ್ರ್ಯಾಂಡಿಗಿಂತ ಈ ಅಳತೆ ದೊಡ್ಡದೆಂಬುದು ನನ್ನ ಅಭಿಪ್ರಾಯ. ಕೊಳ್ಳುವ ಮುಂಚೆ ಕೇಳಿ ತಿಳಿದುಕೊಳ್ಳಿ.

ಅಂದು ಸಂಜೆ ಮಂಡಕ್ಕಿ, ಮಿರ್ಚಿ ತಂದಿದ್ದರು. ಒಂದು ಮುಕ್ಕು ಬಾಯಿಗೆ ಹಾಕಿಕೊಂಡ ಮಾವ ಅಗಿಯುವುದನ್ನೇ ನಿಲ್ಲಿಸಿದರು. ಕರಕರ ಸದ್ದು ತಲೆಯೆಲ್ಲ ತುಂಬಿತ್ತಂತೆ. ತಮ್ಮ ದನಿ ಬಾವಿಯೊಳಗಿಂದ ಬಂದಂತಿದೆ ಎಂದರು. ಫ್ಯಾನು, ಪ್ಲಾಸ್ಟಿಕ್ ಕವರು, ನಲ್ಲಿ, ಎಲ್ಲವೂ ಗಲಾಟೆಯೇ. ಕಿವಿನಾಳ ಮುಚ್ಚಿದಾಗ ನಮ್ಮದೇ ದನಿ, ಅಗಿತ ಮೂಳೆಯ ಮೂಲಕ ಒಳಗೇ ಸಿಕ್ಕಿ ಗುಂಯ್ಗುಡುವುದು ಸಹಜ. ರಂಧ್ರವಿರುವ ರಬ್ಬರ್ ತುದಿ ಹಾಕಿದರೆ ಕಡಿಮೆಯಾಗುತ್ತದೆ. ಫ್ಯಾನಿನ ಸದ್ದು ಬೇರೆ ಸಂಗತಿ. ಅದನ್ನು ಕೇಳಿಯೂ ಕೇಳದಂತೆ ಬಿಡುವುದು ಮಿದುಳು ಎಳವೆಯಲ್ಲಿ ಕಲಿತ ಕೆಲಸ. ವರ್ಷಗಟ್ಟಲೆ ಆ ಸದ್ದೇ ಬರದೇ ಇದ್ದುದರಿಂದ ಆ ಅಭ್ಯಾಸವನ್ನು ಮತ್ತೆ ಕಲಿಯಬೇಕು, ಅದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಇದನ್ನು ಯಾರೂ ಮೊದಲೇ ಹೇಳದ ಕಾರಣಕ್ಕೆ ಎಷ್ಟೋ ಸಾಧನಗಳು ಬೀರು ಸೇರುತ್ತವೆ. "ಹಾಕ್ಕೊಂಡೆ, ಬರೀ ಗಲಾಟೆ, ತೆಗೆದಿಟ್ಟೆ" ಎನ್ನುವವರ ಮಷೀನಿನಲ್ಲಿ ಅನೇಕ ಸಲ ದೋಷವೇ ಇರುವುದಿಲ್ಲ.

ಮದುವೆ, ಸಂತೆ ಎಂದು ಬೇಕಾದಾಗಷ್ಟೇ ಹಾಕಿಕೊಂಡರೆ ಕಲಿಕೆ ನಡೆಯದು. ಮೊದಲು ಶಾಂತವಾದ ಮನೆಯಲ್ಲಿ, ಎದುರಿಗೆ ಒಬ್ಬರೇ ಕೂತು ಮಾತಾಡುವಾಗ. ನಂತರ ಟಿವಿ, ಮನೆಮಂದಿಯ ಮಾತು. ಕಲ್ಯಾಣ ಮಂಟಪ ಕೊನೆಗಿರಲಿ, ಅಲ್ಲಿ ಪ್ರತಿಧ್ವನಿ ಎಳೆಯರನ್ನೂ ಸೋಲಿಸುತ್ತದೆ. ಎದುರಿನ ಮಾತನ್ನಷ್ಟೇ ಹಿಡಿಯುವ ಮೈಕುಗಳು ನೆರವಾಗುತ್ತವಾದರೂ ಹಳೆಯ ಕಿವಿಯನ್ನು ಮರಳಿ ಕೊಡಲಾರವು. ಸಾಧನದ ಬಾಳಿಕೆ ಕೆಲವೊಮ್ಮೆ ತೀರ ಸಣ್ಣ ವಿಷಯಗಳ ಮೇಲೆ ನಿಂತಿರುತ್ತದೆ. ತುದಿಯಲ್ಲಿ ಗುಗ್ಗೆ ಕಟ್ಟಿಕೊಂಡರೆ ಸದ್ದು ಸತ್ತಂತಾಗುತ್ತದೆ, ದಿನಾ ಪುಟ್ಟ ಬ್ರಷ್ಷಿನಿಂದ ಒರೆಸಬೇಕು. ಗುಂಡಿಯಂಥ ಝಿಂಕ್-ಏರ್ ಬ್ಯಾಟರಿಯ ಅಂಟುಚೀಟಿ ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೇ ಬಿಡಬೇಕು. ಅದು ಕೆಲಸ ಮಾಡುವುದೇ ಗಾಳಿಯ ಆಮ್ಲಜನಕದಿಂದ.

ಕಿವುಡುತನಕ್ಕೂ ಮರೆವಿನ ಕಾಯಿಲೆಗೂ ನಂಟಿದೆ ಎಂಬ ಮಾತು ಈಗ ಜಾಹೀರಾತಿನಲ್ಲೂ ಬರುತ್ತಿದೆ. ನಂಟು ನಿಜ. ಆದರೆ 2023ರಲ್ಲಿ ಪ್ರಕಟವಾದ ಅಮೆರಿಕದ ಅಚೀವ್ ಪ್ರಯೋಗದಲ್ಲಿ, ಒಟ್ಟಾರೆ ನೋಡಿದರೆ ಮೂರು ವರ್ಷಗಳಲ್ಲಿ ಶ್ರವಣ ಸಾಧನ ಬುದ್ಧಿಶಕ್ತಿಯ ಕುಸಿತವನ್ನು ತಡೆದದ್ದು ಕಾಣಲಿಲ್ಲ. ಮೊದಲೇ ಹೆಚ್ಚು ಅಪಾಯದಲ್ಲಿದ್ದ ಹಿರಿಯರ ಗುಂಪಿನಲ್ಲಿ ಮಾತ್ರ ಕುಸಿತ 48% ನಿಧಾನವಾಯಿತು. ಹೆದರಿಸಿ ಮಷೀನು ಮಾರುವುದು ಬೇಡ. ಸೊಸೆಯ ಪ್ರಶ್ನೆಗೆ ಮಾವ ಕೂತಲ್ಲಿಂದಲೇ "ಹ್ಞೂಂ, ಸಕ್ಕರೆ ಕಮ್ಮಿ" ಎನ್ನುವಂತಾದದ್ದೇ ನನಗೆ ಸಾಕಷ್ಟು ದೊಡ್ಡ ಕಾರಣ.

ಪರೀಕ್ಷೆಗೆ ಎಲ್ಲಿ ಹೋಗುವುದೆಂದು ಕೇಳುವವರಿಗೆ, ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥದ್ದಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ. ಕಡಿಮೆ ಆದಾಯದವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನಕ್ಕೆ ನೆರವು ಸಿಗುತ್ತದೆ. ಮೊರೆತ ಒಂದೇ ಕಿವಿಯಲ್ಲಿದ್ದರೆ, ಅಥವಾ ನಾಡಿಮಿಡಿತದ ಲಯದಲ್ಲಿ ಬಡಿಯುತ್ತಿದ್ದರೆ ಮೊದಲು ವೈದ್ಯರು ನೋಡಲಿ. ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಒಂದು ಕಿವಿ ಹಠಾತ್ತನೆ ಕೇಳಿಸದಾದರೆ ಅದು ತುರ್ತು ಸ್ಥಿತಿ. ಸ್ಟಿರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಕಿವಿ ಉಳಿಯುವ ಸಾಧ್ಯತೆ ಹೆಚ್ಚು, ವಾರಗಳು ಕಳೆದರೆ ಕೈತಪ್ಪುತ್ತದೆ. ಶೀತ ಇರಬೇಕು, ಗುಗ್ಗೆ ಕಟ್ಟಿರಬೇಕು ಎಂದು ಎಣ್ಣೆ ಬಿಟ್ಟುಕೊಂಡು ಕೂರದೆ ಅದೇ ದಿನ ಇಎನ್‌ಟಿ ವೈದ್ಯರ ಬಳಿಗೆ ಹೋಗಬೇಕು.