ಬೆಂಕಿ ರೋಗ ಒಂದೇ, ಕುಲ ಹಲವು

ಮಂಗಳೂರಿನ ಸುತ್ತಲಿನ ಬೈಲು ಗದ್ದೆಗಳಲ್ಲಿ ಏಣೆಲು, ಅಂದರೆ ಮುಂಗಾರು ಭತ್ತದ ಬೆಳೆಯ ಹೊತ್ತಿಗೆ ಬೆಂಕಿ ರೋಗದ ಶಿಲೀಂಧ್ರಕ್ಕೆ ಬೇಕಾದದ್ದೆಲ್ಲ ಕೂಡಿಬರುತ್ತದೆ: ಮೋಡ, ಜಡಿಮಳೆ, ಗಂಟೆಗಟ್ಟಲೆ ಆರದ ಎಲೆ. ಯೂರಿಯಾ ತುಸು ಹೆಚ್ಚಾದರಂತೂ ಕೇಳುವುದೇ ಬೇಡ. ಎರಡೂ ತುದಿ ಚೂಪಾದ, ನಡುವೆ ಬೂದಿ ಬಣ್ಣದ ಕಂದು ಚುಕ್ಕೆಗಳು ಎಲೆಯ ಮೇಲೆ ಏಳುತ್ತವೆ. ರೋಗ ಜೋರಾದರೆ ಗದ್ದೆಯೇ ಸುಟ್ಟಂತೆ ಕಾಣುತ್ತದೆ. ತೆನೆಯ ಕುತ್ತಿಗೆಗೆ ಬಡಿದರೆ ಜೊಳ್ಳೇ ಗತಿ. ಈ ಬೆಂಕಿ ರೋಗ ಭಾರತದಲ್ಲಿ ದಾಖಲಾದದ್ದು 1913ರಲ್ಲಿ, ತಂಜಾವೂರಿನ ಕಡೆ. ಆಗ ನಮ್ಮ ದಕ್ಷಿಣ ಕನ್ನಡವೂ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು.

ರೋಗಕಾರಕ ಮ್ಯಾಗ್ನಪೋರ್ತೆ ಒರೈಜೆ. ಗಾಳಿಯಲ್ಲಿ ಬಂದ ಮೂರು ಕೋಶಗಳ ಬೀಜಾಣು ತುದಿಯಿಂದ ಅಂಟು ಒಸರಿ ಎಲೆಗೆ ಕಚ್ಚಿಕೊಳ್ಳುತ್ತದೆ, ಮೊಳೆಯುತ್ತದೆ, ಮೆಲನಿನ್ ಲೇಪದ ಒಂದು ಗುಮ್ಮಟ ಕಟ್ಟುತ್ತದೆ. ಒಳಗೆ ಗ್ಲಿಸರಾಲ್ ಶೇಖರವಾದಂತೆ ನೀರು ನುಗ್ಗಿ ಒತ್ತಡ ಏರುತ್ತದೆ. ಎಷ್ಟು? ವಾತಾವರಣದ ಒತ್ತಡದ ಸುಮಾರು 80 ಪಟ್ಟು. ಕಾರಿನ ಟಯರಿನ ಗಾಳಿ ಇದರ ಮುಂದೆ ಏನೂ ಅಲ್ಲ. ಆ ಬಲದಿಂದಲೇ ಗುಮ್ಮಟದ ಅಡಿಯ ಸಣ್ಣ ಮೊನೆ ಎಲೆಯನ್ನು ತೂರುತ್ತದೆ. ರೈತರು ಸಿಂಪಡಿಸುವ ಟ್ರೈಸೈಕ್ಲಜೋಲ್ ಕೆಡಿಸುವುದು ಮೆಲನಿನ್ ತಯಾರಿಯನ್ನು. ಲೇಪವಿಲ್ಲದ ಗುಮ್ಮಟಕ್ಕೆ ಒತ್ತಡ ಹಿಡಿದಿಡಲು ಆಗದು.

ಇಷ್ಟಾದರೂ ಭತ್ತ ಸುಮ್ಮನಿರುವುದಿಲ್ಲ. ಶಿಲೀಂಧ್ರ ಒಳಗೆ ಬಿಡುವ ಪ್ರೋಟೀನುಗಳಲ್ಲಿ ಒಂದನ್ನು ಗುರುತಿಸುವ ಜೀನ್ ಗಿಡದಲ್ಲಿದ್ದರೆ, ತಗುಲಿದ ಕೋಶಗಳನ್ನು ಅದು ತಾನೇ ಸಾಯಿಸಿ ರೋಗವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಶಿಲೀಂಧ್ರದ ಚಾಲಾಕಿತನ ಇಲ್ಲಿದೆ. ಗುರುತು ಸಿಕ್ಕ ಪ್ರೋಟೀನಿನ ಜೀನನ್ನೇ ಅದು ಕಳೆದುಕೊಳ್ಳುತ್ತದೆ. ಇಲ್ಲವೇ ಜಿಗಿಯುವ ಡಿಎನ್ಎ ತುಣುಕೊಂದು ಆ ಜೀನಿನೊಳಗೆ ಸೇರಿ ಅದನ್ನು ಮುರಿಯುತ್ತದೆ. 2005ರಲ್ಲಿ ಈ ಶಿಲೀಂಧ್ರದ ಜೀನೋಮ್ ಪ್ರಕಟವಾಯಿತು: ಸುಮಾರು 11,000 ಜೀನುಗಳು. ಗದ್ದೆಯಲ್ಲಿ ಹೆಚ್ಚಾಗಿ ಲಿಂಗರಹಿತವಾಗಿಯೇ ಹರಡುವ ಜೀವಿ ಇಷ್ಟೊಂದು ಬದಲಾಗುವುದು ಸೋಜಿಗವೇ. ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾಗಿ ಕಾಣುವ ಇದರ ಕುಲಗಳಲ್ಲಿ (ಒಳಗುಂಪುಗಳಲ್ಲಿ) ಒಂದಕ್ಕೆ ಭತ್ತ ಬೇಕು, ಇನ್ನೊಂದಕ್ಕೆ ರಾಗಿ. 1985ರಲ್ಲಿ ಬ್ರೆಜಿಲ್‌ನಲ್ಲಿ ಮತ್ತೊಂದು ಕುಲ ಗೋಧಿಗೆ ಬಿತ್ತು. 2016ರಲ್ಲಿ ಬಾಂಗ್ಲಾದೇಶದ ಗೋಧಿ ಒಣಗಿದಾಗ ಮೊದಲು ಅನುಮಾನಪಡಬೇಕಾದದ್ದು ಪಕ್ಕದ ಭತ್ತದ ಗದ್ದೆಯನ್ನು; ಜೀನೋಮ್ ಓದಿದರೆ ಅದು ದಕ್ಷಿಣ ಅಮೆರಿಕದ ಕುಲ!

ಹಾಗಾಗಿ 'ರೋಗ ನಿರೋಧಕ ತಳಿ' ಎಂಬ ಮಾತಿಗೆ ಊರು, ವರ್ಷ ಎರಡನ್ನೂ ಸೇರಿಸಿ ಹೇಳಬೇಕು. ಬೆಂಕಿ ರೋಗ ಚೆನ್ನಾಗಿ ಕಾಣಿಸಿಕೊಳ್ಳುವ ಪೊನ್ನಂಪೇಟೆ, ಮಂಡ್ಯದಂಥ ಕೇಂದ್ರಗಳಲ್ಲಿ ತಳಿಗಳನ್ನು ಪರೀಕ್ಷೆಗೆ ಒಡ್ಡುವುದು ಇದಕ್ಕೇ. ಇತ್ತ ಕುಚ್ಚಲಕ್ಕಿ ಉಣ್ಣುವ ಕರಾವಳಿಯ ಗದ್ದೆಗಳಲ್ಲಿ ಎಂಒ4 ಎಂಬ ಒಂದೇ ತಳಿಯದು ಮೇಲುಗೈ. ಕಾಸರಗೋಡಿನ ಕೃಷಿಕ, 2024ರ ಪದ್ಮಶ್ರೀ ಪುರಸ್ಕೃತ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ. ದೊಡ್ಡ ಕೆಲಸ, ಆದರೆ ಸಂಗ್ರಹದಲ್ಲಿರುವ ವೈವಿಧ್ಯ ಗದ್ದೆಗೆ ಇಳಿಯದೆ ಬೀಜಾಣುವಿಗೆ ತಡೆಯಾಗದು.

ಇಳಿಸಿದರೆ ಏನಾಗುತ್ತದೆಂಬುದನ್ನು ಚೀನಾದ ಯುನ್ನಾನಿನ ರೈತರು ತೋರಿಸಿದ್ದಾರೆ. ರೋಗಕ್ಕೆ ಬೇಗ ತುತ್ತಾಗುವ ಅಂಟಕ್ಕಿ ತಳಿಯನ್ನು ನಿರೋಧಕ ಹೈಬ್ರಿಡ್‌ಗಳ ಸಾಲುಗಳ ನಡುವೆ ನೆಟ್ಟಾಗ, ಅದರ ಮೇಲಿನ ಬೆಂಕಿ ರೋಗ ಶೇ. 94ರಷ್ಟು ಇಳಿಯಿತೆಂದು 2000ದಲ್ಲಿ ವರದಿಯಾಯಿತು. ಅಲ್ಲಿ ಕೊಯ್ಲು ಕೈಯಲ್ಲಿ. ಆಳು ಸಿಗದೆ ಕಟಾವು ಯಂತ್ರಕ್ಕೆ ಕಾಯುವ ನಮ್ಮಲ್ಲಿ ಎರಡು ಎತ್ತರದ ತಳಿಗಳನ್ನು ಬೇರೆಬೇರೆಯಾಗಿ ಕೊಯ್ಯುವವರು ಯಾರು? ತಳಿವಿಜ್ಞಾನಿಗಳು ಹಿಡಿದಿರುವ ದಾರಿ ಬೇರೆ: ಒಂದೇ ತಳಿಯಲ್ಲಿ ಎರಡು-ಮೂರು ನಿರೋಧಕ ಜೀನುಗಳನ್ನು ಕೂಡಿಸುವುದು. ಅಷ್ಟನ್ನೂ ಒಟ್ಟಿಗೆ ವಂಚಿಸಬೇಕಾದರೆ ಶಿಲೀಂಧ್ರ ಒಂದೇ ಬಾರಿಗೆ ಹಲವು ಕಡೆ ಬದಲಾಗಬೇಕು.