ಪರಿಹಾರದ ಪಟ್ಟಿ ಸಿದ್ಧವಾದ ಬಗೆ

ಕೋವಿಡ್ ಕಾಲದ ಬೆಳೆ ಪರಿಹಾರ ಯಾರ ಖಾತೆಗೆ ಹೋಗಬೇಕೆಂಬುದು ಬಹುಮಟ್ಟಿಗೆ ಸೋಂಕು ಬರುವ ಮೊದಲೇ ತೀರ್ಮಾನವಾಗಿತ್ತು. ಪಹಣಿ, ಆಧಾರ್ ಮತ್ತು ಬೆಳೆ ಸಮೀಕ್ಷೆ ಸೇರಿ ಆ ಪಟ್ಟಿಯನ್ನು ರೂಪಿಸಿದ್ದವು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾದಾಗ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ ಕಟಾವಿನ ಸಮಯ. ಲಾರಿ ಓಡಾಟಕ್ಕೆ ಅಡಚಣೆ, ಪೇಟೆಗಳು ಸ್ತಬ್ಧ. ಅನುಕೂಲವಿದ್ದವರು ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ ಒಣದ್ರಾಕ್ಷಿ ಮಾಡಿಕೊಂಡರು. ಅದಕ್ಕೂ ಶೆಡ್ಡು ಬೇಕು, ಕೂಲಿಯಾಳು ಬೇಕು.

ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪ್ರಕಟಿಸಿದ 1,610 ಕೋಟಿ ರೂಪಾಯಿ ಪ್ಯಾಕೇಜಿನಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಇತ್ತು. ವಾರ ಕಳೆದ ಮೇಲೆ ಹಣ್ಣು, ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15,000 ಎಂದಾಯಿತು. ಎಕರೆ ಲೆಕ್ಕದಲ್ಲಿ ಸುಮಾರು 6,000. ದ್ರಾಕ್ಷಿ ತೋಟದ ಖರ್ಚು ಬಲ್ಲವರಿಗೆ ಇದು ಎಷ್ಟು ಸಣ್ಣ ಮೊತ್ತವೆಂದು ಬಿಡಿಸಿ ಹೇಳಬೇಕಿಲ್ಲ.

ಹಂಚಿಕೆಗೆ ಆಧಾರವಾದದ್ದು ಬೆಳೆ ಸಮೀಕ್ಷೆ. ಊರಿನ ಯುವಕರು ಮೊಬೈಲ್ ಹಿಡಿದು ಹೊಲಕ್ಕೆ ಹೋಗಿ, ಸರ್ವೆ ನಂಬರಿನ ಪ್ರಕಾರ ಬೆಳೆಯ ಫೋಟೊ ತೆಗೆದು ಅಪ್‌ಲೋಡ್ ಮಾಡುತ್ತಿದ್ದರು. 2020ರ ಮುಂಗಾರಿನಿಂದ ಈ ಕೆಲಸ ರೈತರ ಕೈಗೂ ಬಂತು. ರೈತನ ಜಮೀನು, ಆಧಾರ್, ಬ್ಯಾಂಕ್ ವಿವರಗಳನ್ನೆಲ್ಲ ಜೋಡಿಸಿಡಲು ‘ಫ್ರೂಟ್ಸ್’ ತಂತ್ರಾಂಶವಿತ್ತು. ಆಧಾರ್ ಆಧರಿತ ಪಾವತಿಯಲ್ಲಿ ಹಣ ಹೋಗುವುದು ಆಧಾರಿಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಹೀಗಾಗಿ ಒಂದು ಬ್ಯಾಂಕಿನ ಪಾಸ್‌ಬುಕ್ ಹಿಡಿದು ಕಾಯುತ್ತಿದ್ದವರ ದುಡ್ಡು ಮರೆತೇಹೋಗಿದ್ದ ಇನ್ನೊಂದು ಖಾತೆಗೆ ಬೀಳುವುದಿತ್ತು.

ದೊಡ್ಡ ತೊಡಕು ಇದಲ್ಲ, ಲಾವಣಿಯದು, ಅಂದರೆ ಬೇರೆಯವರ ಜಮೀನನ್ನು ಗೇಣಿಗೆ ಪಡೆದು ಉಳುವುದರದು. ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿಯ ನಂತರ ರಾಜ್ಯದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಆದರೂ ಬಾಯಿಮಾತಿನ ಲಾವಣಿ ನಿಂತಿಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು. ಸಾಗುವಳಿದಾರನನ್ನು ಬರೆಯಬೇಕಾದ 12ನೇ ಕಾಲಂನಲ್ಲಿ ಲಾವಣಿದಾರನ ಹೆಸರು ಸಿಗುವುದು ಅಪರೂಪ. ಬೆಳೆ ಕಳೆದುಕೊಂಡವನೊಬ್ಬ, ಪರಿಹಾರ ಪಡೆದವನು ಇನ್ನೊಬ್ಬ ಆಗುವ ದಾರಿ ಇದು.

ಹೀಗೆ ಹಣ ಪಡೆದವರು ಯಾರೆಂದು ಪಟ್ಟಿ ನೋಡಿ ತಿಳಿಯಬಹುದು. ಆ ಹೆಸರುಗಳನ್ನು ಬಹಿರಂಗಪಡಿಸುವ ಕ್ರಮದ ಬೇರು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿದೆ: ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರವನ್ನು ಯಾರೂ ಕೇಳದಿದ್ದರೂ ಪ್ರಕಟಿಸಬೇಕು. 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆ ಪಂಚಾಯಿತಿಗಳಲ್ಲಿ ಪಟ್ಟಿ ತೂಗುಹಾಕಲು ಹೇಳಿತು. ಊರುವಾರು ಹೆಸರುಗಳು ಜಾಲತಾಣದಲ್ಲೂ ಸಿಗುತ್ತವೆ. ಈ ಯೋಜನೆಯಲ್ಲೇ 20.48 ಲಕ್ಷ ಅನರ್ಹರಿಗೆ 1,364 ಕೋಟಿ ರೂಪಾಯಿ ಹೋಗಿತ್ತೆಂಬುದು 2021ರ ಜನವರಿಯಲ್ಲಿ ಬೆಳಕಿಗೆ ಬಂದದ್ದು ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ. ಕರ್ನಾಟಕ ಸರ್ಕಾರವೂ ‘ಮಾಹಿತಿ ಕಣಜ’ ಜಾಲತಾಣದಲ್ಲಿ ಹಲವು ಯೋಜನೆಗಳ ವಿವರ ತೆರೆದಿಟ್ಟಿದೆ. ಆದರೆ ಇಂಥ ಪಟ್ಟಿಗಳಲ್ಲಿ ಕಾಣುವುದು ಹಣ ಪಡೆದವರ ಹೆಸರು. ಲಾವಣಿದಾರ ಅಲ್ಲಿ ಅರ್ಜಿ ತಿರಸ್ಕೃತವಾದವನಾಗಿಯೂ ಇರುವುದಿಲ್ಲ.

2021ರ ಮೇ ತಿಂಗಳಲ್ಲಿ ಎರಡನೇ ಅಲೆಗೆ 1,250 ಕೋಟಿ ರೂಪಾಯಿಯ ಪ್ಯಾಕೇಜ್ ಬಂತು. ಹೂ, ಹಣ್ಣು, ತರಕಾರಿಗೆ ಹೆಕ್ಟೇರಿಗೆ 10,000 ರೂಪಾಯಿ, ಮಿತಿ ಒಂದು ಹೆಕ್ಟೇರ್. ಇನ್ನು ಫಲಾನುಭವಿಗಳ ಹೆಸರು ಬಹಿರಂಗಪಡಿಸುವ ವಿಷಯಕ್ಕೆ ಬಂದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಸೆಕ್ಷನ್ನನ್ನು ತಿದ್ದಿ, ವೈಯಕ್ತಿಕ ಮಾಹಿತಿಗಿದ್ದ ವಿನಾಯಿತಿಯನ್ನು ಹಿಗ್ಗಿಸಿತು. ಸಾರ್ವಜನಿಕ ಹಿತಾಸಕ್ತಿಯ ಆಧಾರದಲ್ಲಿ ಮಾಹಿತಿ ಕೊಡಲು ಅವಕಾಶ ನೀಡುವ 8(2) ಸೆಕ್ಷನ್ ಹಾಗೆಯೇ ಉಳಿದಿದೆ.