ಹಾಡಿಯಿಂದ ತೋಡಿಗೆ: ಮೂಕಪ್ರಾಣಿಗಳ ಹಾದಿಯೂ ನಮ್ಮ ಹೆದ್ದಾರಿಯೂ

ನಮ್ಮ ಕಿರಿಯ ಅಳಿಯಂದಿರು ಉಡುಪಿ ಜಿಲ್ಲೆಯ ನಂದಿಕೂರಿನ ಸಮೀಪದಲ್ಲಿ ಉದ್ಯೋಗದಲ್ಲಿರುವುದರಿಂದ ವರ್ಷಕ್ಕೊಮ್ಮೆಯಾದರೂ ಆ ಕಡೆ ಹೋಗಿ ಒಂದು ವಾರ ಇದ್ದು ಬರುವುದು ನಮಗೆ ರೂಢಿಯಾಗಿದೆ. ಕಳೆದ ಮಳೆಗಾಲದ ಕೊನೆಯಲ್ಲಿ ಹೋಗಿದ್ದಾಗ ಒಂದು ಬೆಳಗು, ಸ್ನಾನ ಪೂಜೆಗಳನ್ನು ಮುಗಿಸಿಕೊಂಡು ಮೊಮ್ಮಗನೊಡನೆ ಪಡುಬಿದ್ರಿ–ಕಾರ್ಕಳ ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದೆವು. ರಸ್ತೆಯ ನಡುವೆ ಒಂದು ಪುನುಗು ಬೆಕ್ಕು ಸತ್ತು ಬಿದ್ದಿತ್ತು. ರಾತ್ರಿ ಯಾವುದೋ ಲಾರಿಯ ಚಕ್ರಕ್ಕೆ ಸಿಕ್ಕಿರಬೇಕು. ಹುಡುಗ ಬಹಳ ಹೊತ್ತು ಸುಮ್ಮನೆ ನಿಂತಿದ್ದು, "ಅಜ್ಜಾ, ಇದು ರಸ್ತೆಗೆ ಯಾಕೆ ಬಂತು?" ಎಂದು ಕೇಳಿದ. ಶಾಸ್ತ್ರಗಳನ್ನು ಓದಿಕೊಂಡ ನನಗೆ ಉತ್ತರ ತೋಚಲಿಲ್ಲ. ತೆಂಗಿನ ತೋಟದಿಂದ ಬರುತ್ತಿದ್ದ ಆ ಊರಿನ ಹಿರಿಯರೊಬ್ಬರು, "ಈ ಹಾಡಿಯಿಂದ ಆ ತೋಡಿಗೆ ನೀರಿಗೆ ಹೋಗುವುದು ಸ್ವಾಮೀ, ನಮ್ಮ ಅಜ್ಜನ ಕಾಲದಿಂದಲೂ ಹೀಗೆಯೇ" ಎಂದು ಹೇಳಿ, ಕೋಲಿನಿಂದ ಅದನ್ನು ಬದಿಗೆ ಸರಿಸಿ ಹೊರಟುಹೋದರು.

ಆ ಒಂದು ಮಾತಿನಲ್ಲಿ ವಿಷಯವೆಲ್ಲ ಅಡಗಿದೆಯೆಂದು ನನಗೆ ಆಮೇಲೆ ಹೊಳೆಯಿತು. ನಂದಿಕೂರು ಅಭಯಾರಣ್ಯವಲ್ಲ. ಗದ್ದೆ, ತೋಟ, ಮುರಕಲ್ಲಿನ ಗುಡ್ಡ, ನಡುನಡುವೆ ಹಾಡಿ, ಬನ. ಈ ಚೂರುಪಾರು ಹಸಿರಿನಲ್ಲಿಯೇ ಮುಂಗುಸಿ, ನರಿ, ಉಡ, ಹೆಬ್ಬಾವು, ನವಿಲು ಬದುಕಿಕೊಂಡಿವೆ. ಈ ಗ್ರಾಮದ ಮೂಲಕ ರಾಜ್ಯ ಹೆದ್ದಾರಿ ಹಾದುಹೋಗುತ್ತದೆ. 1998ರ ಜನವರಿ 26ರಂದು ಪೂರ್ಣ ಸಂಚಾರಕ್ಕೆ ತೆರೆದ ಕೊಂಕಣ ರೈಲುಮಾರ್ಗಕ್ಕೂ ಇಲ್ಲಿ ಒಂದು ನಿಲ್ದಾಣವಿದೆ. ಪಡುವಣಕ್ಕೆ ಪಡುಬಿದ್ರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66. ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರವೂ ದೂರವಿಲ್ಲ. ಇವೆಲ್ಲ ಮನುಷ್ಯನಿಗೆ ಬೇಕಾದವೇ. ಬೇಡವೆನ್ನಲು ನಾನು ಯಾರು? ನಾನೂ ಅಲ್ಲಿಗೆ ಬಸ್ಸಿನಲ್ಲಿಯೇ ಹೋದವನು. ಆದರೆ ಇವುಗಳಲ್ಲಿ ಯಾವುದನ್ನಾದರೂ ಕಟ್ಟುವಾಗ "ಇಲ್ಲಿ ಪ್ರಾಣಿಗಳು ಎಲ್ಲಿ ದಾಟುತ್ತವೆ?" ಎಂದು ಕೇಳಲೇಬೇಕೆಂಬ ಕಟ್ಟಳೆ ನಮ್ಮ ಕಾನೂನಿನಲ್ಲಿ ಇದೆಯೇ ಎಂದು ಹುಡುಕಿ ನೋಡಿದೆ.

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಗಟ್ಟಿಯಾದ ಬೇಲಿ ಹಾಕಿದೆ. 2006ರ ತಿದ್ದುಪಡಿಯಲ್ಲಿ ಸೇರಿದ 38-ಓ ಕಲಮು, ಹುಲಿ ಸಂರಕ್ಷಿತ ಪ್ರದೇಶಗಳನ್ನಷ್ಟೇ ಅಲ್ಲದೆ ಅವುಗಳನ್ನು ಒಂದಕ್ಕೊಂದು ಜೋಡಿಸುವ ಕಾಡಿನ ಹಾದಿಗಳನ್ನೂ ರಕ್ಷಿಸಬೇಕೆಂದು ಹೇಳುತ್ತದೆ. ಇದು ದೊಡ್ಡ ಮಾತು. ಇಂಥ ಕಡೆ ರಸ್ತೆ, ರೈಲುಗಳಿಗೆ ಅನುಮತಿ ಕೊಡುವಾಗ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯು ಪ್ರಾಣಿಗಳು ದಾಟುವ ಮಾರ್ಗದ ಯೋಜನೆಯನ್ನು ಷರತ್ತಾಗಿ ವಿಧಿಸುತ್ತದೆ. ಆದರೆ ಷರತ್ತು ಬೇರೆ, ಶಾಸನ ಬೇರೆ. ಅಲ್ಲದೆ ಆ ಷರತ್ತು ಸಂರಕ್ಷಿತ ಪ್ರದೇಶದ ಮತ್ತು ಅದರ ಸುತ್ತಲಿನ ಗಡಿಗೆ ನಿಂತುಹೋಗುತ್ತದೆ. ಪ್ರಾಣಿಗೆ ಆ ಗಡಿಯ ನಕ್ಷೆ ತಿಳಿಯದು. ಇದರ ಮೇಲೆ, ಇರುವ ರಾಷ್ಟ್ರೀಯ ಹೆದ್ದಾರಿಯನ್ನು 100 ಕಿ.ಮೀ. ಮೀರದಂತೆ ವಿಸ್ತರಿಸುವುದಾದರೆ ಪರಿಸರ ಪೂರ್ವಾನುಮತಿಯೇ ಬೇಡವೆಂಬ ವಿನಾಯಿತಿ 2013ರಲ್ಲಿ ಬಂದಿತು. ನಂದಿಕೂರಿನ ಪುನುಗು ಬೆಕ್ಕಿನ ಪಾಲಿಗೆ ಯಾವ ಕಲಮೂ ಇಲ್ಲವೆಂದಾಯಿತು.

ನಮ್ಮ ರಾಜ್ಯದಲ್ಲಿ ಈ ವಿಚಾರ ಜನರ ಬಾಯಿಗೆ ಬಂದದ್ದು ಬಂಡೀಪುರದಿಂದ. ಮೈಸೂರು ಕಡೆಯಿಂದ ವಯನಾಡಿಗೆ ಹೋಗುವ ಹೆದ್ದಾರಿ (ಆಗ 212, ಈಗ 766) ಹುಲಿ ಸಂರಕ್ಷಿತ ಪ್ರದೇಶವನ್ನು ಸೀಳಿಕೊಂಡು ಹೋಗುತ್ತದೆ. ರಾತ್ರಿ ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳನ್ನು ಕಂಡು 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಷೇಧಿಸಿದರು. ಒತ್ತಡ ಬಂದು ಆದೇಶ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯ ಮೇಲೆ ಉಚ್ಚ ನ್ಯಾಯಾಲಯವು ಅದನ್ನು ಮರಳಿ ಜಾರಿಗೆ ತಂದು, 2010ರ ಮಾರ್ಚಿಯಲ್ಲಿ ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಮಾತ್ರ ಅವಕಾಶ. ಉಳಿದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಬದಲಿ ರಸ್ತೆ.

ಕೇರಳದವರ ದುಃಖವನ್ನು ನಾವು ಹಗುರವಾಗಿ ನೋಡಬಾರದು. ವಯನಾಡಿನ ರೈತನ ತರಕಾರಿ, ವ್ಯಾಪಾರಿಯ ಸರಕು, ಊರಿಗೆ ಹೊರಟ ವಿದ್ಯಾರ್ಥಿ ಎಲ್ಲರೂ ರಾತ್ರಿ ಸುತ್ತಿ ಬಳಸಿ ಹೋಗಬೇಕು. 2018ರಲ್ಲಿ ಕೇಂದ್ರ ಹೆದ್ದಾರಿ ಸಚಿವಾಲಯವು ಒಂದೊಂದು ಕಿ.ಮೀ. ಉದ್ದದ ಐದು ಮೇಲುಸೇತುವೆಗಳನ್ನು ಕಟ್ಟಿ, ಅವುಗಳ ಕೆಳಗೆ ಪ್ರಾಣಿಗಳಿಗೆ ದಾರಿ ಬಿಡುವ ಸಲಹೆಯನ್ನು ಮುಂದಿಟ್ಟಿತು. ನೋಡಲು ನ್ಯಾಯವಾಗಿದೆ. ಆದರೆ ಬಂಡೀಪುರದಂಥ ಕಾಡಿನ ಒಡಲಲ್ಲಿ ವರ್ಷಗಟ್ಟಲೆ ಕಂಬ ನೆಡುವ ಕೆಲಸ ನಡೆದರೆ ಆಗುವ ಹಾನಿಯೇ ಹೆಚ್ಚೆಂದು ಬಲ್ಲವರು ಹೇಳಿದರು. ನನ್ನ ಅಭಿಪ್ರಾಯವೂ ಅದೇ. ಬದಲಿ ರಸ್ತೆಯಿದ್ದಲ್ಲಿ ಕತ್ತಲನ್ನು ಕಾಡಿಗೆ ಬಿಟ್ಟುಕೊಡುವುದು ಅತಿ ಕಡಿಮೆ ಖರ್ಚಿನ ಸೇತುವೆ.

ಬದಲಿ ಇಲ್ಲದಲ್ಲಿ ಏನು ಮಾಡಬೇಕೆಂಬುದಕ್ಕೆ ಪೇಂಚದ ಉದಾಹರಣೆಯಿದೆ. ನಾಗಪುರದಿಂದ ಸಿವನಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ನ್ನು ಅಗಲಗೊಳಿಸುವ ಕಾರ್ಯ ಪೇಂಚ ಹುಲಿ ಸಂರಕ್ಷಿತ ಪ್ರದೇಶದ ಕಾರಣದಿಂದ ಬಹುಕಾಲ ಬಿಕ್ಕಟ್ಟಿನಲ್ಲಿತ್ತು. ಕೊನೆಗೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಸಲಹೆಯಂತೆ ಮಹಾರಾಷ್ಟ್ರದ ಭಾಗದಲ್ಲಿ ರಸ್ತೆಯನ್ನು ಎತ್ತರಿಸಿ ಒಂಬತ್ತು ಕಡೆ ಕೆಳದಾರಿಗಳನ್ನು ಬಿಟ್ಟರು. 50 ಮೀಟರಿನಿಂದ 750 ಮೀಟರಿನವರೆಗೆ ಅವುಗಳ ಅಗಲ. ಮೇಲಿನ ವಾಹನಗಳ ಸದ್ದು ಬೆಳಕುಗಳು ಕೆಳಗೆ ಬೀಳದಂತೆ ಪಕ್ಕದಲ್ಲಿ ತಡೆಗಳನ್ನು ನಿಲ್ಲಿಸಿದರು. ಹುಲಿಯಂಥ ಸಂಕೋಚದ ಪ್ರಾಣಿ ಕಾಂಕ್ರೀಟಿನ ಕಂಬಗಳ ನಡುವೆ ಬಂದೀತೇ ಎಂಬ ಸಂಶಯ ಎಲ್ಲರಿಗೂ ಇತ್ತು. 2019ರಲ್ಲಿ ಹತ್ತು ತಿಂಗಳು ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟು ನೋಡಿದಾಗ 18 ಜಾತಿಯ ಪ್ರಾಣಿಗಳ 5,450 ಚಿತ್ರಗಳು ಸಿಕ್ಕವು. ಹುಲಿಗಳು 89 ಸಲ ದಾಟಿದ್ದವು.

ಹೊರದೇಶಗಳಲ್ಲಿ ಕೆನಡಾದ ಬ್ಯಾಂಫ್ ಉದ್ಯಾನ ಹೆಸರುವಾಸಿ. ಅಲ್ಲಿ ಹೆದ್ದಾರಿಯ ಮೇಲೆ ಮಣ್ಣು ಹರಡಿ ಗಿಡ ನೆಟ್ಟ ಆರು ಮೇಲುಸೇತುವೆಗಳೂ 38 ಕೆಳದಾರಿಗಳೂ ಉದ್ದಕ್ಕೂ ಬೇಲಿಯೂ ಇವೆ. ಅಪಘಾತಗಳು ಶೇಕಡಾ 80ಕ್ಕೂ ಮಿಕ್ಕಿ ಇಳಿದವು. ಕರಡಿಗಳಿಗೆ ಮಾತ್ರ ಅದರ ಮೇಲೆ ನಂಬಿಕೆ ಹುಟ್ಟಲು ಕೆಲವು ವರ್ಷಗಳೇ ಹಿಡಿದವಂತೆ! ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2022ರಲ್ಲಿ ಇದನ್ನು ಶಾಸನವನ್ನಾಗಿಯೇ ಮಾಡಿತು. ಪ್ರಾಣಿಗಳ ಓಡಾಟಕ್ಕೆ ಹೆದ್ದಾರಿ ಅಡ್ಡವಾಗಿರುವ ಸ್ಥಳಗಳನ್ನು ಸಾರಿಗೆ ಇಲಾಖೆ ಪಟ್ಟಿ ಮಾಡಬೇಕು. ಅಂಥಲ್ಲಿ ಹೊಸ ಕಾಮಗಾರಿ ಹಾಕುವಾಗ ದಾಟುವ ವ್ಯವಸ್ಥೆಯನ್ನು ಮೊದಲ ಹಂತದಲ್ಲಿಯೇ ಪರಿಶೀಲಿಸಬೇಕು. ಈ "ಮೊದಲ ಹಂತ" ಎಂಬುದೇ ಮುಖ್ಯ. ನಕ್ಷೆ ಬರೆಯುವಾಗ ಮೋರಿಯನ್ನು ಎರಡು ಮೊಳ ಅಗಲಿಸುವುದು ಸುಲಭ. ಕಟ್ಟಿದ ರಸ್ತೆಯನ್ನು ಒಡೆದು ಅಗಲಿಸುವುದು ಯಾರಿಂದಾದೀತು?

ಎಲ್ಲೆಡೆಯೂ ಕೋಟಿಗಳ ಸೇತುವೆ ಬೇಕಿಲ್ಲ. ಆನೆಮಲೆಯ ವಾಲ್ಪಾರೈಯಲ್ಲಿ ಸಿಂಗಳೀಕಗಳು ರಸ್ತೆಗಿಳಿಯದಂತೆ ಮರದಿಂದ ಮರಕ್ಕೆ ಹಗುರವಾದ ತೂಗುದಾರಿಗಳನ್ನು ಕಟ್ಟಿದ್ದಾರೆ. ಕಾರ್ಕಳದಿಂದ ಕುದುರೆಮುಖಕ್ಕೂ ಹೆಬ್ರಿಯಿಂದ ಆಗುಂಬೆಗೂ ಏರುವ ಘಾಟಿಗಳಲ್ಲಿ, ರಸ್ತೆ ಅಗಲಿಸುವ ಭರದಲ್ಲಿ ಎರಡೂ ಬದಿಯ ಮರಗಳ ತಲೆ ಕೂಡಿಕೊಂಡಿರುವುದನ್ನು ಕಡಿಯದೆ ಬಿಟ್ಟರೆ ಆ ತೂಗುದಾರಿಯೂ ಬೇಡ.

ನಮ್ಮ ಕುಟುಂಬಗಳಿಗೆ ಇನ್ನೂ ಹತ್ತಿರದ ಸ್ಥಳವೊಂದಿದೆ. ಮಲೆ ಮಹದೇಶ್ವರ ಬೆಟ್ಟ. ಹುಲಿಯನ್ನೇ ವಾಹನವಾಗಿ ಉಳ್ಳ ಮಾದಪ್ಪನ ಸನ್ನಿಧಿಗೆ ನಾವು ಹೋಗುವ ರಸ್ತೆ, 2013ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಸುಮಾರು 906 ಚ.ಕಿ.ಮೀ. ಕಾಡಿನ ನಡುವೆ ಸಾಗುತ್ತದೆ. ಬಿಳಿಗಿರಿರಂಗನ ಬೆಟ್ಟದಿಂದ ಈ ಕಾಡಿಗೆ ಆನೆಗಳು ಬರುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಹಾದಿ ಇಕ್ಕಟ್ಟಾದಾಗ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಜಮೀನನ್ನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಆನೆಗಾಗಿ ಹಾದಿಯನ್ನು ಕ್ರಯಕ್ಕೆ ಕೊಂಡ ಪ್ರಸಂಗ! ಜಾತ್ರೆ, ಅಮಾವಾಸ್ಯೆಗಳಿಗೆ ಬಾಡಿಗೆ ವಾಹನ ಮಾಡಿಕೊಂಡು ನಡುರಾತ್ರಿ ಹೊರಡುವ ತಾಯಂದಿರು, ಯಜಮಾನರು ಚಾಲಕನಿಗೆ "ಬೇಗ ಹೊಡಿ" ಎನ್ನುವ ಮೊದಲು ಈ ಸಂಗತಿಯನ್ನು ನೆನೆಯಲಿ.

ನಂದಿಕೂರಿನಿಂದ ಹೊರಡುವ ಹಿಂದಿನ ದಿನ ಆ ಹಿರಿಯರನ್ನು ಹುಡುಕಿಕೊಂಡು ಹೋದೆವು. ಬೆಕ್ಕು ಬಿದ್ದಿದ್ದ ಜಾಗದಿಂದ ನೂರು ಹೆಜ್ಜೆಯಾಚೆ ಒಂದು ಹಳೆಯ ಮುರಕಲ್ಲಿನ ಮೋರಿಯನ್ನು ಅವರು ತೋರಿಸಿದರು. ಒಳಗೆ ಕಸ, ಮುರಿದ ಕೊಡ, ಪ್ಲಾಸ್ಟಿಕ್ ಚೀಲಗಳು ಅರ್ಧ ಬಾಯಿ ಮುಚ್ಚಿದ್ದವು. "ಇದು ತೆರೆದಿದ್ದಾಗ ಇದರಲ್ಲಿಯೇ ಹೋಗುತ್ತಿದ್ದವು" ಎಂದರು. ಅಳಿಯಂದಿರೂ ಹುಡುಗನೂ ಪಕ್ಕದ ಮನೆಯ ಇಬ್ಬರು ಯುವಕರೂ ಸೇರಿ ಸಂಜೆಯವರೆಗೆ ಅದನ್ನು ಬಿಡಿಸಿದರು. ನಾನು ದಂಡೆಯ ಮೇಲೆ ಕುಳಿತು ಹೇಳುವ ಕೆಲಸ ಮಾಡಿದೆ. ಹದಿನೈದು ದಿನಗಳ ನಂತರ ಮೊಮ್ಮಗನಿಂದ ಪತ್ರ ಬಂದಿತು: ಮೋರಿಯ ಒಳಗಿನ ಕೆಸರಿನಲ್ಲಿ ಸಣ್ಣ ಹೆಜ್ಜೆಗಳು ಮೂಡಿವೆ, ಹೋಗುವವೂ ಇವೆ, ಬರುವವೂ ಇವೆ, ಯಾವ ಪ್ರಾಣಿಯದೆಂದು ಅಜ್ಜ ಬಂದಾಗ ಹೇಳಬೇಕು, ಎಂದು.